ಬಾಕಿ

ಕುಂಬಳೆಯಿಂದ ಕೊಯಿಪ್ಪಾಡಿಗೆ ಇಳಿಯುವಲ್ಲಿ
ಚಿಂಡನ ಶೇಂದಿ ಶಾಪು. ಮೂರು ಬೆಂಚು,
ಒಂದಕ್ಕೆ ಕಾಲು ಕುಂಟು. ಅದರ ಮೇಲೆ ನಾನು.

ಹಗಲೆಲ್ಲ ಆಧಾರ ಬರೆದು ಬಂದಿದ್ದೇನೆ.
ಹಳೆಯ ಕನ್ನಡ ಪತ್ರದಲ್ಲಿ
ಮೂಡು ತೋಡು, ಪಡು ಅಗಳು;
ಮಲಯಾಳಕ್ಕೆ ಇಳಿಸುವಾಗ ಮೂಡು ಹೋಗಿ ಕಿಳಕ್ಕಾಯಿತು.
ತೋಡೇನೂ ಕದಲಲಿಲ್ಲ.

ಚೀಲದಲ್ಲಿ, ಹೊಸಂಗಡಿಯ ಗುಜರಿಯಲ್ಲಿ
ಕಿಲೋ ಲೆಕ್ಕಕ್ಕೆ ಸಿಕ್ಕ ಪುಸ್ತಕ. ಮೊದಲ ಪುಟಗಳಿಲ್ಲ.
ಬಾಲ್ಟಿಕ್ ಕಡಲ ದಂಡೆಯಲ್ಲಿ ಪ್ರಶ್ಯನರು ಅಂತ ಇದ್ದರಂತೆ.
ಜರ್ಮನರಲ್ಲ ಮಾರಾಯ, ಅವರು ಆಮೇಲೆ ಬಂದವರು,
ಕತ್ತಿ ಶಿಲುಬೆ ಎರಡನ್ನೂ ಹೊತ್ತು.
ನೆಲ ತೆಗೆದುಕೊಂಡರು, ಕೊನೆಗೆ ಹೆಸರನ್ನೂ.

ಉಳಿದದ್ದು ಎಂಟುನೂರು ಚಿಲ್ಲರೆ ಶಬ್ದಗಳ ಒಂದು ಪಟ್ಟಿ:
ಜೇನಿಗೆ ಮೆದ್ದೊ, ಹೊಗೆಗೆ ದೂಮಿಸ್.
(ಹುಬ್ಬೇರಿಸಬೇಡ. ಸಂಸ್ಕೃತದ ಕಡೆಯ ದೂರದ ನೆಂಟರು,
ಬೊಜ್ಜಕ್ಕೂ ಹೇಳಿಕೆ ಬರಲಿಲ್ಲ.)
ಗೆದ್ದವರೇ ಅಚ್ಚು ಹಾಕಿಸಿದ ಮೂರು ಪ್ರಾರ್ಥನೆ ಪುಸ್ತಕ.
ಮತ್ತೆ, ಯಾರೋ ನಕಲುಗಾರ, ನನ್ನ ಕಸುಬಿನವನೇ,
ಹಾಳೆಯ ಅಂಚಿನಲ್ಲಿ ಗೀಚಿಟ್ಟ ಕುಹಕ:
ಕುಡಿಯಲಿಕ್ಕೆ ಬೇಕು, ಕಾಸು ಬಿಚ್ಚಲಿಕ್ಕಾಗದು,
ನೀನೆಂಥ ಗೆಳೆಯನಯ್ಯಾ?
ಶುರುವಾಗುವುದು 'ಕೈಲೆ' ಎಂದು.
ಕ್ಷೇಮವಾಗಿರು ಅಂತ ಅರ್ಥ.

'ಕೈಯಿಲೆಂದಾ?' ಚಿಂಡ ಕೇಳಿದ.
ಕೈಯಲ್ಲೇನಿದೆ? ಏನಿಲ್ಲ ಚಿಂಡಾ,
ಬಸ್ಸಿಗೆ ಹದಿಮೂರು ರೂಪಾಯಿ.
ಅವನು ನಕ್ಕ ಭರಕ್ಕೆ ಬೆಂಚಿನ ಕುಂಟುಕಾಲು ಕುಣಿಯಿತು.

ಕೊನೆಗೆ ಒಬ್ಬನೇ ಮುದುಕನಿದ್ದನಂತೆ, ಮಾತು ಬಲ್ಲವನು,
ಕಡಲಿಗೂ ಹಿನ್ನೀರಿಗೂ ನಡುವೆ ಮರಳ ಪಟ್ಟಿಯಲ್ಲಿ.
ಇದೇ ಕೊಯಿಪ್ಪಾಡಿಯ ಹಾಗಿರಬೇಕು,
ಒಂದು ಕಿವಿಗೆ ತೆರೆ, ಇನ್ನೊಂದಕ್ಕೆ ಏನೂ ಇಲ್ಲ.

ಪ್ರಾರ್ಥನೆ ಅವನಿಗೆ ಕಷ್ಟವಾಗಿರಲಿಕ್ಕಿಲ್ಲ.
ದೇವರು ಯಾವ ಭಾಷೆಗೂ ಸುಮ್ಮನಿರುತ್ತಾನೆ.
ಕುಹಕಕ್ಕೆ ಎದುರು ಒಬ್ಬ ಬೇಕಲ್ಲ,
ಬೈಸಿಕೊಂಡು ಮತ್ತೆ ಲೋಟ ಚಾಚುವವನು.
ಆ ಜಿಪುಣ ಯಾವ ಮಂಗಳವಾರ ಸತ್ತನೋ
ಯಾರೂ ಎಲ್ಲೂ ಬರೆದಿಟ್ಟಿಲ್ಲ.

ಚಿಂಡ ಲೆಕ್ಕದ ಪುಸ್ತಕ ಬಿಡಿಸಿದ.
ಅವನ ಅಕ್ಷರದಲ್ಲಿ ಐತಪ್ಪ ಹೋಗಿ ಐದಪ್ಪನಾಗಿದ್ದೇನೆ,
ಪಕ್ಕದಲ್ಲಿ ನೂರ ನಲವತ್ತು.
ಅವನಿಗದು ಕಡಂ, ನನಗೆ ಕಡ.

ಒಳಕಿಸೆಯಲ್ಲಿ ಇನ್ನೂರರ ನೋಟಿತ್ತು, ಸುಳ್ಳು ಯಾಕೆ.
ಮುಟ್ಟಿ ನೋಡಿ ಬಿಟ್ಟೆ.
ನಾಳೆ, ಎಂದೆ.

ಬೈದ. ಮೊದಲು ಮಲಯಾಳದಲ್ಲಿ,
ಸಾಲದೆ ತುಳುವಿನಲ್ಲಿ,
ಆಮೇಲೆ, ನನಗೋಸ್ಕರ, ತಡವರಿಸುತ್ತ,
ಕನ್ನಡದಲ್ಲಿ.