ಮುಂಗಾಜು

ನೆಬ್ರಾಸ್ಕದ ಮರಳುದಿಬ್ಬಗಳ ನಡುವೆ
ನಮ್ಮೂರಿನ ಬೆಂಕಿ ಆರಿಸುವ ಲಾರಿ
ಒಂದು ಕಾಲಕ್ಕೆ ಸೈನ್ಯದ್ದು.
ಯಾವ ಯುದ್ಧ ಕಂಡಿತ್ತೋ, ಯಾವುದನ್ನೂ ಕಂಡಿರಲಿಲ್ಲವೋ,
ಕಾಗದಪತ್ರದಲ್ಲಿ ಬರೀ ತೂಕ, ಚಕ್ರ ಹತ್ತು, ಬಣ್ಣ ಹಸಿರು.
ಮೇಲೆ ನಾವು ಬಳಿದ ಕೆಂಪು
ಬಿಸಿಲಿಗೆ ಬೆಂದು ಈಗ ಹಳೇ ಇಟ್ಟಿಗೆ.

ಮುಂಗಾಜಿನ ಚೌಕಟ್ಟು ಕೆಳಮೂಲೆಗಳಲ್ಲಿ
ಮುಟ್ಟಿದರೆ ಹಪ್ಪಳದ ಹಾಗೆ ಮುರಿಯುತ್ತಿತ್ತು.
ಮಳೆ ಬಂದರೆ ಓರ್ವಿಲ್ ಕುಝೆಲ್ಕನ ಮೊಣಕಾಲಿಗೆ ನೇರ ತೊಟ್ಟು.
"ಬೆಂಕಿಗೆ ಹೋಗುವವನಿಗೆ ನೀರು ಒಳ್ಳೆಯದೇ" ಅನ್ನುತ್ತಿದ್ದ.

ಎಡಗಾಜಿನಲ್ಲಿ ಒಂದು ಬಿರುಕು.
ಹುಲ್ಲುಗಾವಲು ಉರಿದ ರಾತ್ರಿ ಗಾಳಿ ಎಸೆದ ಬೇಲಿಗೂಟದ್ದು.
ಅದನ್ನೇ ಅವನು ಗುರಿಕಡ್ಡಿ ಮಾಡಿಕೊಂಡ:
ಬುಡ ಬೇಲಿಯ ಸಾಲಿಗೆ, ತುದಿ ಗಾಳಿಯಂತ್ರಕ್ಕೆ
ಹೊಂದಿಸಿಕೊಂಡರೆ ಹೊಗೆಯೊಳಗೂ ದಾರಿ ತಪ್ಪದಂತೆ.
ಇಪ್ಪತ್ತಾರು ವರ್ಷ ತಪ್ಪಿರಲಿಲ್ಲ.
ಈ ಬೇಸಿಗೆ ಎರಡು ಸಲ ತಪ್ಪಿತು,
ಒಮ್ಮೆ ದನದ ನೀರುತೊಟ್ಟಿ, ಒಮ್ಮೆ ಪಾದ್ರಿಯ ಅಂಚೆಪೆಟ್ಟಿಗೆ.
"ಗಾಜು ಮಬ್ಬು" ಅಂದ.
ಭಾನುವಾರ ಪ್ಯಾನ್‌ಕೇಕ್ ಹುಯ್ದು, ತಟ್ಟೆಗೆ ಆರು ಡಾಲರಿನಂತೆ
ಊರು ದುಡ್ಡು ಕೂಡಿಸಿತು.

ಹೊಸ ಚೌಕಟ್ಟು ಬಂತು ಮೇಣಗಾಗದದಲ್ಲಿ ಸುತ್ತಿಕೊಂಡು,
ಹುಟ್ಟಿ ಐವತ್ತು ವರ್ಷವಾದರೂ
ಬಿಸಿಲು ಕಾಣದ ಹಸಿರು.
ಹಳೆಯದನ್ನು ಬಿಚ್ಚಲಿಕ್ಕೇ ಎರಡು ದಿನ.
ಬೋಲ್ಟು ಯಾವುದು, ಕೀಲು ಯಾವುದು,
ತುಕ್ಕು ಎಲ್ಲವನ್ನೂ ಒಂದೇ ಮನೆತನ ಮಾಡಿಬಿಟ್ಟಿತ್ತು.
ಎಣ್ಣೆ ಕುಡಿಸಿದೆವು. ಉರಿ ತೋರಿಸಿದೆವು.
ಓರ್ವಿಲ್ ಅಜ್ಜಿಯಿಂದ ಕಲಿತ ಚೆಕ್ ಭಾಷೆಯಲ್ಲಿ ಬೈದ,
ಒಂದು ಬಿಟ್ಟಿತು.
ಉಳಿದವು ಹಠಕ್ಕೆ ಬಿದ್ದು ಕತ್ತು ಮುರಿದುಕೊಂಡವು.

ಬಿರುಕಿನ ಗಾಜನ್ನು ಎಸೆಯಲಿಲ್ಲ ಅವನು.
ಶೆಡ್ಡಿನ ಗೋಡೆಗೆ ಒರಗಿಸಿ
ಮೇಲೊಂದು ಗೋಣಿ ಹೊದಿಸಿದ.

ಆಮೇಲೆ ಹುರಿಯ ಕೆಲಸ.
ರಬ್ಬರಿನ ತುಟಿಯೊಳಗೆ ಸುತ್ತಲೂ ಹುರಿ ಹಾಸಿ,
ಪಾತ್ರೆಸಾಬೂನಿನ ನೀರು ಸವರಿ,
ಅವನು ಹೊರಗಿನಿಂದ ಅಂಗೈ ಒತ್ತಿ ನಿಂತ,
ನಾನು ಒಳಗೆ ಕೂತು ಮೆಲ್ಲಗೆ ಎಳೆದೆ.
ತುಟಿ ಚೂರುಚೂರೇ ಮಗುಚಿ
ಚೌಕಟ್ಟನ್ನು ಕಚ್ಚುತ್ತ ಬಂತು,
ಎಳೆಗರು ಮೊಲೆ ಹಿಡಿದ ಹಾಗೆ.
ಗಾಜಿನಾಚೆ ಅವನ ಅಂಗೈ ಬೆಳ್ಳಗೆ, ಚಪ್ಪಟೆಯಾಗಿ,
ಬೆರಳಿನ ಸುಟ್ಟ ಗುರುತು ಕೂಡ ಎಣಿಸಬಹುದಿತ್ತು.
ಅವನು ನನ್ನನ್ನೇ ನೋಡುತ್ತಿದ್ದ,
ಅಂದರೆ ನನ್ನ ಕಿವಿಯ ಪಕ್ಕ ಎಲ್ಲೋ.

"ಇನ್ನೂ ಮಬ್ಬಿದೆ."
ವಿನೆಗರ್ ಹಾಕಿ ಹಳೇ ಪತ್ರಿಕೆಯಿಂದ ಉಜ್ಜಿದ.
ಹೊರಗಿನಿಂದ ಉಜ್ಜಿದ, ಒಳಗೆ ಬಂದು ಉಜ್ಜಿದ.
ನನಗೆ ದಿಬ್ಬ ಕಾಣುತ್ತಿತ್ತು, ದಿಬ್ಬದ ಮೇಲೆ ಹಸು,
ಹಸುವಿನ ಕಿವಿಯಲ್ಲಿ ಹಳದಿ ಚೀಟಿ.
ಏನೂ ಹೇಳಲಿಲ್ಲ.
ಇನ್ನೊಂದು ಹಾಳೆ ಮುದುರಿ ಕೊಟ್ಟೆ.
ಅದನ್ನು ಕೈಯಲ್ಲಿ ಹಿಡಿದುಕೊಂಡೇ
ಬಹಳ ಹೊತ್ತು ನಿಂತ.

ಸೈನ್ಯದ ಲಾರಿಗೆ ಕೀಲಿಕೈ ಇಲ್ಲ.
ಒಂದು ಸನ್ನೆ ತಿರುಗಿಸಿ ಗುಂಡಿ ಒತ್ತಿದರೆ ಯಾರಿಗಾದರೂ ಹೊರಡುತ್ತದೆ.
ಹಾಗಾಗಿ ಕೈಗೆ ಕೊಡಲಿಕ್ಕೆ
ಅವನ ಹತ್ತಿರ ಏನೂ ಇರಲಿಲ್ಲ.
ಬಾನೆಟ್ಟಿನ ಮೇಲೆ ಕೈಯಾಡಿಸುತ್ತ ಮುಂದಿನಿಂದ ಬಳಸಿ ಬಂದು
ಬಲಗಡೆಯ ಬಾಗಿಲು ತೆಗೆದು ಹತ್ತಿ ಕೂತ.
"ಆ ಸೀಟಿನಲ್ಲಿ ಸ್ಪ್ರಿಂಗ್ ಚುಚ್ಚುತ್ತೆ ಟ್ವೈಲಾ, ಎಡಕ್ಕೆ ಸರಿ."

ಸರಿದೆ.
ಬ್ರೇಕಿನ ಗಾಳಿ ತುಂಬುವವರೆಗೆ ಗಂಟೆ ಕಿರುಚಿತು.
ವೈಪರ್ ಹಾಕಿದೆ, ಸುಮ್ಮನೆ,
ಒಣ ಗಾಜಿನ ಮೇಲೆ ಉಸ್ ಎಂದು ಹೋಗಿ ಉಸ್ ಎಂದು ಬಂತು.
ದಾರಿಗೆ ಇಳಿದಾಗ ಕಣ್ಣು ಬಿರುಕನ್ನು ಹುಡುಕಿತು, ನನ್ನದೂ.
ಅಷ್ಟು ಬಯಲು. ಎಲ್ಲಿಯೂ ಒಂದು ಗೀರಿಲ್ಲ.

"ಬೇಲಿ ಎಲ್ಲಿದೆ ಹೇಳ್ತಾ ಇರು" ಅಂದ.
ಹೇಳುತ್ತಾ ಹೋದೆ.