ಅಂಗೈ ಲೆಕ್ಕ

ಹೋಳಿ ಹತ್ತಿರ ಬಂದಂಗ ಹಿನ್ನೀರು ಸರೀತೈತಿ.
ಮೊದಲು ಏಳೂದು ಹುಣಸಿಯ ಬೊಡ್ಡಿ,
ಆಮ್ಯಾಲ ಯಾರದೋ ಮನಿ ಕಟ್ಟಿ,
ಕಡೀಕ ನಮ್ಮ ಪಿಚ್ಚು.

ಹೋದ ರವಿವಾರ ಸಲಿಕಿ ತಗೊಂಡು ಹೋದ್ವಿ, ಏಳು ಮಂದಿ.
ಬಸವನಹುಳದ ಚಿಪ್ಪು, ಗಾಳದ ಕೊಂಡಿ,
ಒಂದು ಕೂಸಿನ ಚಪ್ಪಲಿ
ಆರಿಸಿ ದಂಡಿಗೆ ಒಗದ್ವಿ.
ಎರಿಮಣ್ಣು ಬಾಯಿ ಬಿಟ್ಟಿತ್ತು, ಬಿರುಕಿನಾಗ ಬೆರಳು ಇಳೀತಿತ್ತು.
ಅದರ ಮ್ಯಾಲ ಮ್ಯಾಟು ಹಾಸಿ ಮೊಳಿ ಬಡದ್ವಿ.
ನಮ್ಮ ಸೀಜನ್ ಅಂದ್ರ ಇಷ್ಟ:
ನೀರು ಹೋದ ಮ್ಯಾಲ, ನೀರು ಬರೂದರೊಳಗ.

ದಾವಲ ದೂರ ನಿಂತಿದ್ದ,
ಬಲಗೈ ಪ್ಯಾಂಟಿನ ಕಿಸೆದಾಗ.
ಸಲಿಕಿ ಹಿಡಿ ಅಂತ ಯಾರೂ ಅನ್ನಲಿಲ್ಲ.
ಅದ ಅಂವಗ ಭಾಳ ನೋವಾತು ಅಂತ ಕಾಣತೈತಿ.

ಸೋಮವಾರ ಗುಳೇದ ಮಾಸ್ತರ ಎಪಿಎಂಸಿಗೇ ಬಂದ್ರು.
ನಾ ಮೆಕ್ಕಿಜೋಳದ ಚೀಲ ಕಾಟಾದ ಮ್ಯಾಲ ಇಡಾಕತ್ತಿದ್ದೆ.
"ಲೀಗಿಗೆ ಹೆಸರು ಕಳಿಸಬೇಕು.
ನದಾಫ ಈ ವರ್ಷ ತಡೀತಾನೇನು?
ನೀ ಕೀಪರ. ನಿನಗ ಗೊತ್ತಿರತೈತಿ."

ಗೊತ್ತೈತಿ.
ಹನ್ನೊಂದು ವರ್ಷ ಅಂವ ಒಗದದ್ದನ್ನ ಹಿಡದಾವು ಈ ಅಂಗೈ.
ಮೊದಲನೇ ವರ್ಷ ನನಗ ರೊಟ್ಟಿ ಮುರಿಯಾಕ ಬರತಿರಲಿಲ್ಲ.
ಅವ್ವ ಮುರದು ಬಾಯಾಗ ಇಡ್ತಿದ್ಲು,
ಯಾಂವ ಅಂವ ನಿನ್ನ ಹಗಿ ಸಾಧಸಾಂವ ಅಂತ ಬೈಕೋತ.
ಗ್ಲೋವಿನಾಗ ಸ್ಪಂಜು ತುರುಕಿದೆ.
ಎರಡನೇ ವರ್ಷ ಎರಡು ಪದರ.

ಆಮ್ಯಾಲ ಪಕ್ಕಡಿ ಹಿಡೀತು,
ಹಿಮ್ಮಡ ಬಾತು ಒಂದು ವರ್ಷ ಪೂರ್ತಿ ಹೋತು,
ಭುಜ ಮೂರು ಸಲ.
ಗಾದಿ ಎತ್ತಿದ್ದಕ್ಕ ಅಂತಾನ,
ಲಗ್ನದ ಮನಿಗೆ, ಮೂರನೇ ಮಜಲಿಗೆ.
ಸುಳ್ಳ.
ಮುಧೋಳದ ಮ್ಯಾಚಿನಾಗ, ಇಪ್ಪತ್ತೆರಡನೇ ಓವರಿಗೆ
ಟಕ್ ಅಂದದ್ದು ಮೂವತ್ತು ಹೆಜ್ಜಿ ಹಿಂದ ನನಗ ಕೇಳಿತ್ತು.
ಆ ಓವರ್ ಮುಗಿಸಿದ. ಎರಡು ವಿಕೆಟ್ ತಗೊಂಡ.
ಅಂಗಿ ಮಾತ್ರ ನಾ ಕಳದೆ.

ದೊಡ್ಡಾಸ್ಪತ್ರ್ಯಾಗ ಕರಿ ಫಿಲ್ಮು ಬೆಳಕಿಗೆ ಹಿಡದು
"ಇಲ್ಲಿ ನರದ ತುದಿ ಹಿಂಜಿದಂಗ ಆಗೇತಿ ನೋಡ್ರಿ" ಅಂದ್ರು ಡಾಕ್ಟರು.
ದಾವಲ ನಕ್ಕ:
"ಹಿಂಜೂದು ನಮ್ಮ ಮನಿ ಉದ್ಯೋಗ ರೀ."
ಅವರಪ್ಪನ ಅರಳಿ ಹಿಂಜೂ ಬಿಲ್ಲು
ನವನಗರದ ಅಂಗಡ್ಯಾಗ ಇನ್ನೂ ಮೊಳಿಗೆ ಜೋತುಬಿದ್ದೈತಿ,
ತಂತಿ ಇಲ್ಲ. ಕೆಳಗ ಮಷೀನು ಗುಂಯ್ ಅಂತೈತಿ.

ರವಿವಾರ ಸಂಜಿಮುಂದ, ಎಲ್ಲಾರು ಹೋದ ಮ್ಯಾಲ,
"ಆರು ಬಾಲು. ಯಾರಿಗೂ ಹೇಳಬ್ಯಾಡ" ಅಂದ.
ಓಣ್ಯಾಗ ಹುಡುಗರು ಹಲಗಿ ಕಾಸಾಕತ್ತಿದ್ರು.
ಮೊದಲನೇದು ಹಗುರ, ಕೂಸಿನ ಕೈಯಿಂದ ಬಂದಂಗ.
ಎರಡು, ಮೂರು, ಹಂಗ.
ನಾಕನೇದು ಬಿರುಕಿಗೆ ಬಿದ್ದು ಹೊಳ್ಳಿತು, ಅದು ಮಣ್ಣಿನ ಪುಣ್ಯ.
ಐದನೇದು...
ಐದನೇದು ಹಳೇ ಜಾಗಾಕ ಬಂದು ಬಡೀತು,
ತೋರಬೆರಳಿನ ಬುಡಕ್ಕ, ಆ ಗಂಟು ಇರೂ ಕಡೆ.
ಕಣ್ಣಾಗ ನೀರು ಬಂತು. ಉರಿಗೆ ಅಂತ ತಿಳಕೋರಿ.
ಆರನೇದು ಒಗೀಲಿಲ್ಲ.
ಬೂಟಿನ ದಾರ ಬಿಚ್ಚೇತಿ ಅಂತ ಕುಂತ,
ಬಿಚ್ಚದ ದಾರಾನ ಎಡಗೈಲೆ ಕಟಗೋತ
ಭಾಳ ಹೊತ್ತು ಕುಂತ.

ಮಾಸ್ತರಿಗೆ ಹೇಳಿದೆ:
ನಾಕ ಓವರಿನ ಸ್ಪೆಲ್, ಹೆಚ್ಚಿಲ್ಲ.
ಗಾಳಿ ಬೆನ್ನಿಗಿರಲಿ.
ಬೌಂಡರಿಗೆ ನಿಲ್ಲಿಸಬ್ಯಾಡ್ರಿ, ಥ್ರೋ ಆಗಾಂಗಿಲ್ಲ.
ಬರಕೊಂಡ್ರು. "ಎಷ್ಟು ಮ್ಯಾಚು ಅಂತ ಹಿಡೀಲಿ?"
ಕಾಟಾದ ಮುಳ್ಳು ಇನ್ನೂ ಆಡಾಕತ್ತಿತ್ತು.
ನಿಲ್ಲಲಿ ತಡೀರಿ, ಅಂದೆ.
ಮುಳ್ಳು ನಿಂತು, ಚೀಲ ಇಳದು, ಮತ್ತೊಂದು ಏರಿತು.
ಅವರು ಪೆನ್ನು ಮುಚ್ಚಲಿಲ್ಲ.

ರಾತ್ರಿ ಅಂವಂದ ಫೋನು.
"ಮಾಸ್ತರ ಬಂದಿದ್ರಂತ. ಏನಂದಿ?"
ಹೊಸಾ ಗ್ಲೋವು ಕೊಡಸ್ರಿ ಅಂದೆ, ಅಂದೆ.
ಆ ಕಡೆ ಮಷೀನು ಬಂದ್ ಆತು.
"ಸ್ಪಂಜು," ಅಂದ,
"ಎರಡು ಪದರ ಹಾಕ್ಕೋ."