ಎಳ್ಳಷ್ಟು ನಿಚ್ಚಳ

ವಾರಕ್ಕೆ ಐದು ದಿನ ನಾನು ಉಂಗುರಗಳ ಮುಖ ನೋಡುವವಳು.
ಬರ್ಮಿಂಗ್‌ಹ್ಯಾಮಿನ ವೈಸ್ ಸ್ಟ್ರೀಟಿನಲ್ಲಿ
ಟಿಬೆಟ್ಸನ ಅಂಗಡಿಯ ಮೂರನೇ ಮಹಡಿ, ಕಿಟಕಿಗೆ ಕಪ್ಪು ಬಟ್ಟೆ.
ಒಂದು ಉಂಗುರಕ್ಕೆ ನಲವತ್ತು ಚಿತ್ರ:
ಮುಂದಿನ ಹರಳಿಗೊಂದು, ಅದನ್ನು ಕಚ್ಚಿ ಹಿಡಿದ ಉಗುರಿಗೊಂದು,
ಕೂದಲೆಳೆಯಷ್ಟು ಸರಿಸಿ ಮತ್ತೊಂದು.
ನಲವತ್ತನ್ನೂ ಸೇರಿಸಿ ಹೊಲಿದರೆ
ಯಾವ ಮೂಲೆಯೂ ಮಬ್ಬಿಲ್ಲದ ಬಂಗಾರ.
ಗುಲಗಂಜಿಯಷ್ಟೂ ಮರೆಮಾಚುವಂತಿಲ್ಲ;
ಕೊಂಡವರು ನಾಳೆ ಗೀರು ತೋರಿಸಿ ದುಡ್ಡು ವಾಪಸು ಕೇಳುತ್ತಾರೆ.
ಕಂಡದ್ದು ಕಂಡ ಹಾಗೆ ಹೇಳಿದರೆ ಕೆಂಡದಂಥ ಕೋಪ, ನಮ್ಮ ಕಡೆ.
ಇಲ್ಲಿ ಅದಕ್ಕೇ ಸಂಬಳ.

ಭಾನುವಾರ ಅದೇ ಲೆನ್ಸು
ನನ್ನ ಜೊತೆ ಕೀ ಹಿಲ್ ಸ್ಮಶಾನಕ್ಕೆ ಬರುತ್ತದೆ, ರಜೆಗೆ.

ಮೊದಲು ಗಾಜಿನ ಫಿಲ್ಟರಿಗೆ ವ್ಯಾಸಲೀನ್ ಬಳಿದು ನೋಡಿದ್ದೆ.
ಲೋಕಕ್ಕೇ ನೆಗಡಿ ಹಿಡಿದ ಹಾಗಿತ್ತು.
ಆಮೇಲೆ ಪಾಲಿಶ್ ಮೇಜಿನ ಬ್ರೀಡಾ
ತನ್ನ ಕಪ್ಪು ನೈಲಾನ್ ಕಾಲುಚೀಲ ತಂದುಕೊಟ್ಟಳು.
“ಮದುವೆಯ ರಾತ್ರಿ ಹಾಕಿದ್ದು. ಗಂಡ ಓಡಿಹೋದ,
ಇದು ಮಾತ್ರ ಒಂದು ಎಳೆಯೂ ಬಿಟ್ಟಿಲ್ಲ ನೋಡು.”
ಲೆನ್ಸಿನ ಬಾಯಿಗೆ ಎಳೆದು ರಬ್ಬರ್ ಬ್ಯಾಂಡು ಬಿಗಿದಳು,
ಸಿಗರೇಟಿನ ತುದಿಯಿಂದ ನಟ್ಟನಡುವೆ ಒಂದು ತೂತು ಸುಟ್ಟಳು.
ನಡುವೆ ನಿಚ್ಚಳ, ಸುತ್ತ ಹಾಲು.

ಫೆಬ್ರವರಿ. ಒದ್ದೆ ಹುಲ್ಲಿನ ಮೇಲೆ ಬೋರಲು ಮಲಗಿದ್ದೆ.
ಹೆಸರಳಿದ ಒಂದು ಕಲ್ಲು, ಅದರ ನೆತ್ತಿಗೆ ಪಾಚಿ,
ಪಾಚಿಯಿಂದೆದ್ದ ಒಂದೇ ಕಡ್ಡಿ, ಅದರ ತಲೆಯ ಮೇಲೆ ಒಂದು ಹನಿ
ಬೀಳಲೋ ಬೇಡವೋ ಎಂದು ಕೂತಿತ್ತು.
ಲೆನ್ಸನ್ನು ಪೂರ್ತಿ ತೆರೆದೆ. ಅಷ್ಟು ತೆರೆದರೆ ಅದಕ್ಕೆ ಕಾಣುವುದು
ಒಂದು ಎಳ್ಳುಕಾಳಿನಷ್ಟು ಆಳ.
ಉಸಿರು ಬಿಟ್ಟರೆ ಅದೂ ಜಾರಿತು.
ಹಿಂದಿನ ಗೋರಿಗಳು, ಬೇಲಿ, ಹಾದುಹೋದ ಟ್ರಾಮು
ಎಲ್ಲ ಕದಡಿ ಬಣ್ಣದ ಗಂಜಿ.

ಆಗಲೇ ಯಾರೋ ಕೂಗಿದ್ದು:
“ಹುಷಾರಾಗಿದ್ದೀಯಾ, ಬ್ಯಾಬ್?”
ನಾನು ಉಸಿರು ಹಿಡಿದಿದ್ದೆ.
ಉತ್ತರ ಕೊಡಲಿಲ್ಲ.

ಸೋಮವಾರ ಚಿತ್ರ ನೋಡಿ ಮಹಡಿಯೆಲ್ಲ ಹೌಹಾರಿತು.
ಹನಿ ಹೊತ್ತ ಕಡ್ಡಿಯ ಹಿಂದೆ, ಅಂಚೇ ಇಲ್ಲದೆ,
ದುಂಡಗೆ ಉರಿಯುವ ಒಂದು ಕಿತ್ತಳೆ.
“ಎಂಥ ಸೂರ್ಯಾಸ್ತ!” ಅಂದ ಟಿಬೆಟ್ಸ್,
ಬೆಳಗಿನ ಹತ್ತು ಗಂಟೆಯ ಚಿತ್ರಕ್ಕೆ.
ನಾನು ಹೂಂ ಅಂದೆ.
ಐದು ದಿನ ನಿಜ ಹೊಲಿಯುವವಳು
ಎಳ್ಳಷ್ಟೇ ಸುಳ್ಳು ಹೇಳಿದೆ, ಅದೂ ಬಾಯಿ ತೆರೆಯದೆ.

ಮುಂದಿನ ಭಾನುವಾರ ಅವನಿದ್ದ. ಹೆಸರು ಕ್ಲಿಫ್ಟನ್.
ಕಿತ್ತಳೆ ಜಾಕೆಟ್ಟು, ಮಂಡಿಯ ಕೆಳಗೊಂದು ಗೋಣಿ,
ಕೈಯಲ್ಲಿ ಮರದ ಚೂಪುಕಡ್ಡಿ.
ಕ್ಯಾಮೆರಾದ ಬೆನ್ನಿನಲ್ಲಿ ಚಿತ್ರ ತೋರಿಸಿದೆ.
ಕಿತ್ತಳೆಯ ಕಡೆ ಕಣ್ಣೇ ಹೊರಳಿಸದೆ
ಪಾಚಿಯ ಮೇಲೆ ಬೆರಳಿಟ್ಟ.
“ಓ, ಇವಳಾ! ಮೊನ್ನೆ ಗುರುವಾರ ಕೆರೆದುಬಿಟ್ಟೆ.
ನನ್ನ ಕೆಲಸವೇ ಅದು. ಹೆಸರು ಕಾಣಬೇಕಲ್ಲ.”

ಕರೆದುಕೊಂಡು ಹೋಗಿ ತೋರಿಸಿದ.
ಬೋಳು ಕಲ್ಲು. ಆಳದ ಅಕ್ಷರ, ಈಗಷ್ಟೇ ಕೊರೆದ ಹಾಗೆ:
ಕೆಜಾಯಾ ಮೋಲ್. ಸರಪಳಿ ಮಾಡುವವಳು. ವಯಸ್ಸು ಮೂವತ್ತೊಂದು.
ನನ್ನ ಚಿತ್ರದಲ್ಲಿ ಅವಳು
ಕೆಳಗಡೆ, ಎಡಕ್ಕೆ, ಒಂದು ಬೂದು ಪಟ್ಟೆ.

ಎಂಥ ಮಸುಕು, ಎಂಥ ಮೃದು ಎಂದು ಹೊಗಳಿಸಿಕೊಂಡಿದ್ದೆನಲ್ಲ.

“ಈ ಸೂರ್ಯ ನೀವು,” ಅಂದೆ.
ಅವನು ಚಿತ್ರ ನೋಡಿದ, ತನ್ನ ಹೊಟ್ಟೆ ನೋಡಿಕೊಂಡ, ನಕ್ಕ.
ನಾನು ಕಾಲುಚೀಲ ಬಿಚ್ಚಿ ಜೇಬಿಗಿಟ್ಟೆ.
“ಎಷ್ಟು ಹತ್ತಿರ ಬರಲಿ?” ಕೇಳಿದ.
ಇನ್ನೂ, ಅಂದೆ. ಇನ್ನೂ ಸ್ವಲ್ಪ.
ಕಿತ್ತಳೆಗೆ ಅಂಚು ಬಂತು, ಅಂಚಿಗೆ ಹೊಲಿಗೆ,
ಹೊಲಿಗೆಯಲ್ಲಿ ಸಿಕ್ಕ ಒಣ ಪಾಚಿ,
ಹುಬ್ಬಿನ ಮೇಲೆ ಕಲ್ಲಿನ ಪುಡಿ.

“ಹುಷಾರಾಗಿದ್ದೇನೆ,” ಅಂದೆ,
ಒಂದು ವಾರ ತಡವಾಗಿ.
ಕೈ ಅಲುಗಿತು.
ಇರಲಿ, ಅದನ್ನು ಅಳಿಸಿಲ್ಲ.